ಟಚಿಂಗ್ ಸಾಬಣ್ಣ ಮತ್ತು ಮೂವರು ಸಕ್ಕೂಬಾಯಿಯರು

ನಮ್ಮ ಸುತ್ತಿನ ಊರುಗಳಲ್ಲಿ ಜೀವಮಾನವಿಡೀ ಧೋತರ ಬಿಟ್ಟು ಬೇರೇನೂ ಉಡದ ಗಂಡಸರು ಸತ್ತ ಮೇಲೆ ನೀಲಿ ಕೋಟು ಹಾಕಿಕೊಂಡು ಗೋಡೆಯ ಮೇಲೆ ಕೂತಿರುತ್ತಾರೆ. ಆ ಕೋಟು ಸಾಬಣ್ಣನದು. ಅವನೇನು ಹೊಲಿಸಿದ್ದಲ್ಲ, ಎಲ್ಲಿಂದಲೋ ಕಂಪ್ಯೂಟರಿಗೆ ಇಳಿಸಿಕೊಂಡದ್ದು. ಯಾರಾದರೂ ಹೋದರೆಂದು ಮನೆಯವರು ಸಣ್ಣದೊಂದು ಫೋಟೋ ತಂದರೆ, ಸಾಬಣ್ಣ ತಲೆಯನ್ನಷ್ಟೇ ಕತ್ತರಿಸಿ ಆ ಕೋಟಿನ ಮೇಲೆ ಕೂಡಿಸುತ್ತಿದ್ದ. ಜೋರಾಪುರ ಪೇಟೆಯಿಂದ ತಿಕೋಟಾದವರೆಗೆ, ಇತ್ತ ಬಬಲೇಶ್ವರದವರೆಗೆ ಎಷ್ಟು ಜನ ಅದೊಂದೇ ಕೋಟಿನಲ್ಲಿ ಮೇಲೆ ಹೋಗಿದ್ದಾರೋ ಲೆಕ್ಕವಿಲ್ಲ. ಅಲ್ಲಿ ಅವರನ್ನು ಯಾವುದೋ ಬ್ಯಾಂಡ್ ಕಂಪನಿಯವರೆಂದು ತಿಳಿದು ಒಂದು ಕಡೆ ನಿಲ್ಲಿಸಿರಬೇಕು.

ಹೀಗೆ ಮಾತಾಡಲು ನನಗೆ ಹಕ್ಕಿದೆ. ಆ ಕೋಟಿನವರಿಗೆಲ್ಲ ಗಾಜು ಹಾಕಿ, ಕಟ್ಟು ಹಾಕಿ, ಹಿಂದೆ ಮೊಳೆ ಬಡಿದವನು ನಾನೇ. ನನ್ನ ಹೆಸರು ಗುರಲಿಂಗಪ್ಪ. ಪೇಟೆಯಲ್ಲಿ ಸಾಬಣ್ಣನ ‘ಮಾಲಾ ಫೋಟೋ ಸ್ಟುಡಿಯೋ’ಗೆ ಅಂಟಿಕೊಂಡೇ ನನ್ನ ಫೋಟೋ ಕಟ್ಟಿನ ಅಂಗಡಿ ಇದೆ. ನಡುವೆ ಇರುವುದು ಒಂದು ಹಲಗೆಯ ಗೋಡೆ. ಅವನು ಸೀನಿದರೆ ನನ್ನ ಗಾಜು ಅದುರುತ್ತದೆ. ಇಪ್ಪತ್ತಾರು ವರ್ಷದಿಂದ ಅವನು ಮುಖ ಮಾಡುತ್ತಾನೆ, ನಾನು ಕಟ್ಟು ಹಾಕುತ್ತೇನೆ, ಇಬ್ಬರೂ ಜಗಳಾಡುತ್ತೇವೆ.

ಸಾಬಣ್ಣ ತಿಕೋಟಾದವನು. ಹತ್ತನೆಯ ಇಯತ್ತೆಯಲ್ಲಿ ಗಣಿತ ಅವನನ್ನು ಕೈಬಿಟ್ಟಿತು, ಅಲ್ಲಿನ ಒಂದು ಹಳೇ ಸ್ಟುಡಿಯೋದ ಕತ್ತಲೆ ಕೋಣೆ ಕೈಹಿಡಿಯಿತು. ಕಂಪ್ಯೂಟರ್ ಇಲ್ಲದ ಕಾಲವದು. ಪ್ರಿಂಟಿನ ಮೇಲೆ ಎಳೆಗೂದಲಿನ ಕುಂಚ ಹಿಡಿದು, ಕಪ್ಪು ಬಣ್ಣ ಅದ್ದಿ, ಕಲೆ ಮುಚ್ಚಬೇಕು, ಉದುರಿದ ಹುಬ್ಬು ಬರೆಯಬೇಕು, ಕಣ್ಣು ಮುಚ್ಚಿದವರ ಕಣ್ಣು ತೆರೆಯಬೇಕು. ಅದಕ್ಕೆ ಟಚಿಂಗ್ ಎನ್ನುತ್ತಿದ್ದರು. ಅದರಲ್ಲಿ ಸಾಬಣ್ಣನ ಕೈ ಎಷ್ಟು ಪಳಗಿತೆಂದರೆ ಜನ ಅವನ ಮನೆತನದ ಹೆಸರನ್ನೇ ಮರೆತು ‘ಟಚಿಂಗ್ ಸಾಬಣ್ಣ’ ಎಂದರು. ಆ ಕುಂಚ, ಬಣ್ಣದ ಬಿಲ್ಲೆ ಇರುವ ತಗಡಿನ ಡಬ್ಬಿ ಇಂದಿಗೂ ಅವನ ಹೆಗಲ ಚೀಲದಲ್ಲಿದೆ. ಹನ್ನೆರಡು ವರ್ಷದಿಂದ ಅದನ್ನು ತೆರೆದಿರಲಿಲ್ಲ, ಆದರೆ ಅದಿಲ್ಲದೆ ಸಂತೆಗೂ ಹೋಗುತ್ತಿರಲಿಲ್ಲ.

ಅವನದೊಂದು ನಂಬಿಕೆ ಇತ್ತು: ಫೋಟೋದಲ್ಲಿ ಕಲೆ ಇರಕೂಡದು. ಮೊಡವೆ, ಸಿಡುಬಿನ ಗುರುತು, ಮಚ್ಚೆ, ಎಲ್ಲವನ್ನೂ ಒರೆಸಿ ಬಿಡುತ್ತಿದ್ದ. "ದೇವರಿಗಿ ಕೆಲಸ ಭಾಳ ಇರ್ತಾವ, ಅಲ್ಲಿ ಇಲ್ಲಿ ಕಲಿ ಬಿಟ್ಟಿರ್ತಾನ. ನಾವು ತಿದ್ದಬೇಕಪಾ" ಎನ್ನುತ್ತಿದ್ದ. ಒಮ್ಮೆ ನನ್ನ ಮೂಗಿನ ಪಕ್ಕದ ಗುಲಗಂಜಿಯಂಥ ಮಚ್ಚೆಯನ್ನೂ ಒರೆಸಿ ಗುರುತಿನ ಚೀಟಿಗೆ ಫೋಟೋ ಕೊಟ್ಟುಬಿಟ್ಟ. ಕಚೇರಿಯವರು ನೀನು ನೀನಲ್ಲ ಎಂದು ನನ್ನನ್ನು ಮೂರು ಸಲ ತಿರುಗಾಡಿಸಿದರು. ಅದನ್ನು ನಾನಿನ್ನೂ ಮರೆತಿಲ್ಲ.

ಹೋದ ವರ್ಷ ಅವನ ಮಗಳು ಆಮ್ರಪಾಲಿ ಈ ಕಥೆಗೆ ಮೂವರು ಹೊಸಬರನ್ನು ತಂದಳು. ತಿಕೋಟಾದ ಒಂದು ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವ ಹುಡುಗಿ, ಅಪ್ಪನಂತೆ ಹಟದವಳು. ಸಣ್ಣ ಫೋಟೋವನ್ನು ದೊಡ್ಡದು ಮಾಡಿ ಮುಖ ನಿಚ್ಚಳಗೊಳಿಸುವ ಹೊಸ ಸಾಫ್ಟ್‌ವೇರುಗಳು ಬಂದಿವೆ, ಯಾವುದು ಒಳ್ಳೆಯದೋ ಹೋಲಿಸಿ ನೋಡೋಣ ಎಂದು ಮೂರನ್ನು ಸ್ಟುಡಿಯೋದ ಕಂಪ್ಯೂಟರಿಗೆ ಹಾಕಿದಳು. ಒಂದು ವಹಿಯಲ್ಲಿ ಗೆರೆ ಎಳೆದು ಮುಖ, ಕೂದಲು, ಬಟ್ಟೆ, ಅಕ್ಷರ, ಹಿಡಿದ ಹೊತ್ತು ಎಂದು ಬರೆದಳು. ಪರೀಕ್ಷೆಗೆ ಅಪ್ಪನದೇ ಹಳೆಯದೊಂದು ಅಂಚೆಚೀಟಿಯಷ್ಟು ಫೋಟೋ ಕೊಟ್ಟಳು. ನಾನೂ ನೋಡಲು ಹೋಗಿ ಕೂತೆ.

ಮೊದಲನೆಯದು ಸಾಬಣ್ಣನನ್ನು ಹಾಲಿನಲ್ಲಿ ಅದ್ದಿ ತೆಗೆದಂತೆ ಬೆಳ್ಳಗೆ ಮಾಡಿತು. ಮುಖದಲ್ಲಿ ಒಂದು ಗೆರೆಯಿಲ್ಲ, ತುಟಿಗೆ ಬಣ್ಣ ಬೇರೆ. ಎರಡನೆಯದು ಅವನ ಬೋಳು ತಲೆಗೆ ದಟ್ಟ ಕ್ರಾಪು ಬೆಳೆಸಿ, ಮುಚ್ಚಿದ ಬಾಯಿ ತೆರೆಸಿ ಸಾಲಾಗಿ ಹಲ್ಲು ಜೋಡಿಸಿತು. ಬೆನ್ನ ಹಿಂದಿದ್ದ ಅಂಗಡಿ ಬೋರ್ಡಿನ ಕನ್ನಡವನ್ನು ಜಗತ್ತಿನ ಯಾವ ದೇಶದಲ್ಲೂ ಇಲ್ಲದ ಲಿಪಿಗೆ ತಿರುಗಿಸಿತು. ಮೂರನೆಯದು ಬೆಳಗಿನಿಂದ ಮಧ್ಯಾಹ್ನದ ತನಕ ಗುರುಗುಟ್ಟಿ, ಕೊನೆಗೆ ಇದ್ದ ಸಾಬಣ್ಣನನ್ನೇ ತುಸು ದೊಡ್ಡದು ಮಾಡಿ, ಮಬ್ಬು ಮಬ್ಬಾಗಿ ಮುಂದಿಟ್ಟಿತು.

ಇಂಗ್ಲಿಷ್ ಹೆಸರು ಸಾಬಣ್ಣನ ನಾಲಗೆಗೆ ಹತ್ತಲಿಲ್ಲ. ಅವನೇ ನಾಮಕರಣ ಮಾಡಿದ. ಮೊದಲನೆಯದು ಬೀಗತಿ, ಎದುರಿಗೆ ಕೂತವರಿಗೆಲ್ಲ ಪೌಡರ್ ಬಳಿಯುತ್ತದೆ. ಎರಡನೆಯದು ಏಜೆಂಟ, ಇಲ್ಲದ್ದನ್ನು ಇದೆ ಎಂದು ತೋರಿಸುತ್ತದೆ. ಮೂರನೆಯದು ತಲಾಟಿ, ಊರ ಜಮೀನಿನ ಲೆಕ್ಕ ಬರೆಯುವವನ ಹಾಗೆ. ತಡವಾದರೂ ದಾಖಲೆಯಲ್ಲಿ ಇದ್ದದ್ದನ್ನಷ್ಟೇ ಬರೆಯುತ್ತದೆ. ಆಮ್ರಪಾಲಿ ವಹಿಯಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ಕೊಟ್ಟದ್ದು ತಲಾಟಿಗೆ. ಸಾಬಣ್ಣ ಮಾತ್ರ ಕ್ರಾಪಿನ ಫೋಟೋವನ್ನು ದೊಡ್ಡದು ಮಾಡಿಸಿ ಸ್ಟುಡಿಯೋದ ಬಾಗಿಲಿಗೆ ತೂಗು ಹಾಕಿದ. ಅದನ್ನು ನೋಡಿದ ಅವನ ಹೆಂಡತಿ ಮಾಲಾ, "ಇವರು ಯಾರ್ರೀ, ಒಳಗ ಕರೀರಿ, ಚಾ ಮಾಡ್ತೇನಿ" ಎಂದು ಹೋದಳು.

ಏಜೆಂಟನಿಂದ ಒಂದು ಉಪಕಾರವೂ ಆಯಿತೆನ್ನಿ. ಬಬಲೇಶ್ವರದ ಕಿರಾಣಿ ಗುರಣ್ಣ ತೀರಿಕೊಂಡ ತನ್ನ ಅಪ್ಪನ ಫೋಟೋ ತಂದಿದ್ದ. ಆ ಮುದುಕನ ಬಾಯಲ್ಲಿ ಹಲ್ಲೆಂಬುದು ಇರಲಿಲ್ಲ. ಏಜೆಂಟ ಮೂವತ್ತೆರಡನ್ನೂ ಕೂಡಿಸಿ ಕಳಿಸಿದ. ಗುರಣ್ಣ ಮೊದಲು ಕೆಂಡವಾದ. ಆಮೇಲೆ ಬಹಳ ಹೊತ್ತು ನೋಡಿ, "ಇರ್ಲಿ ಬಿಡ ಸಾಬಣ್ಣ, ಇದ್ದಾಗ ಹಲ್ಲ ಕಟ್ಟಸಪಾ ಅಂತ ಮೂರು ವರ್ಷ ಅಂದ. ನನಗ ಪುರಸೊತ್ತ ಸಿಗಲಿಲ್ಲ" ಎಂದು ಕಣ್ಣೊರೆಸಿಕೊಂಡು ಒಯ್ದ. ಇದರಿಂದ ಸಾಬಣ್ಣನ ಸೊಕ್ಕು ಮತ್ತಷ್ಟು ಏರಿತು. ಸತ್ತವರು ಯಾರೂ ಎದ್ದುಬಂದು ತಕರಾರು ಮಾಡುವುದಿಲ್ಲ, ಬದುಕಿದ್ದವರು ಒಪ್ಪಿಕೊಳ್ಳುತ್ತಾರೆ, ಇನ್ನೇನು ಬೇಕು ಎನ್ನತೊಡಗಿದ.

ಅಂಥ ದಿನಗಳಲ್ಲಿ ಒಂದು ಸೋಮವಾರ ಕಾಖಂಡಕಿಯಿಂದ ಚಂದ್ರಾಬಾಯಿ ಬಂದಳು. ನಲವತ್ತೈದರ ಆಸುಪಾಸಿನ ಹೆಂಗಸು. ಅಂಗನವಾಡಿಯಲ್ಲಿ ಅಡುಗೆ ಮಾಡುತ್ತಾಳೆ. ಅವಳ ಜೊತೆ ತಮ್ಮ ದೇವಾನಂದ ಇದ್ದ, ಬಸ್ ಕಂಡಕ್ಟರ್. ಚಂದ್ರಾಬಾಯಿ ಸೆರಗಿನೊಳಗಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದಳು, ಅದರೊಳಗೆ ಟವೆಲ್ಲು, ಟವೆಲ್ಲಿನೊಳಗೆ ಒಂದು ಪುಸ್ತಕ, ಪುಸ್ತಕದೊಳಗೆ ಆ ಫೋಟೋ.

ಮೂವತ್ತೆಂಟು ವರ್ಷದ ಹಿಂದೆ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತ ಇಪ್ಪತ್ತು ಹೆಂಗಸರ ಗುಂಪು ಫೋಟೋ. ಕಲಿಸಿದ ಮಾಸ್ತರರ ಮನೆಯವರು ಈಚೆಗೆ ಟ್ರಂಕು ಬರಿದು ಮಾಡುವಾಗ ಸಿಕ್ಕಿದ್ದು. ಹಿಂಬದಿಯಲ್ಲಿ ಮಾಸ್ತರರು ಎಲ್ಲರ ಹೆಸರನ್ನೂ ಸಾಲಾಗಿ ಬರೆದಿದ್ದರಿಂದ ಯಾರು ಯಾರೆಂದು ತಿಳಿಯಿತು. ಎರಡನೆಯ ಸಾಲಿನ ಕೊನೆಯಲ್ಲಿ ನಿಂತಾಕೆ ಸಕ್ಕೂಬಾಯಿ, ಚಂದ್ರಾಬಾಯಿಯ ತಾಯಿ. ಮುಖ ಹುಣಸೆ ಬೀಜದಷ್ಟಿತ್ತು. ಟ್ರಂಕಿನಲ್ಲಿ ಕೊಳೆತು ಫೋಟೋದ ತುಂಬ ಬೂಸು ಹಿಡಿದು ಕಪ್ಪು ಚುಕ್ಕಿಗಳೆದ್ದಿದ್ದವು.

"ಅಣ್ಣಾರ, ನಾ ಏಳು ವರ್ಷದಾಕಿ ಇದ್ದಾಗ ನಮ್ಮವ್ವ ಹೋದ್ಲು. ತಮ್ಮ ತೊಟ್ಟಲದಾಗ ಇದ್ದ. ಇದೊಂದ ಫೋಟೋ ಐತ್ರಿ" ಎಂದಳು ಚಂದ್ರಾಬಾಯಿ. "ಬರೂ ರವಿವಾರ ನನ್ನ ಮಗಳು ಕಾವ್ಯಾಳ ಲಗ್ನ. ಮುಂದಿನ ಸಾಲಿನ್ಯಾಗ ಒಂದ ಕುರ್ಚಿ ಮ್ಯಾಲ ಅವ್ವನ ಕೂಡಸಬೇಕಂತ ಮಾಡೇನಿ. ಎಲ್ಲಾರ ಮನ್ಯಾಗ ಆಯಿ ಅನ್ನಾಕಿ ಕುಂದರ್ತಾಳಲ್ರಿ, ಹಂಗ."

"ಕೂಡಸೂಣು ತಂಗಿ, ರಾಣಿ ಹಂಗ ಕೂಡಸೂಣು" ಎಂದ ಸಾಬಣ್ಣ.

"ರಾಣಿ ಬ್ಯಾಡ್ರಿ. ಅವ್ವ ಇದ್ದಂಗ ಬೇಕು." ಅವಳು ಟವೆಲ್ಲು ಮಡಚುತ್ತ, "ನನಗ ಆಕಿ ಮಾರಿ ಮರತೈತ್ರಿ. ಕೈ ನೆನಪೈತಿ, ಬಳಿ ಸಪ್ಪಳ ನೆನಪೈತಿ. ಮಾರಿ ನೆನಸಾಕ ಹೋದ್ರ ಬರೀ ಸೆರಗ ಕಾಣತೈತಿ. ಒಮ್ಮೆ ನೋಡಬೇಕ್ರಿ" ಎಂದಳು. ಹಲಗೆಯ ಈಚೆಗಿದ್ದ ನನ್ನ ಸುತ್ತಿಗೆ ನಿಂತಿತು.

ಸಾಬಣ್ಣನಿಗೂ ತಾಗಿರಬೇಕು. ಮಧ್ಯಾಹ್ನದ ಊಟಕ್ಕೂ ಏಳದೆ ಕೂತ. ಫೋಟೋವನ್ನು ಸ್ಕ್ಯಾನ್ ಮಾಡಿ, ಸಕ್ಕೂಬಾಯಿಯ ಮುಖವನ್ನು ಪರದೆಯ ತುಂಬ ತಂದು, ಬೂಸು ತೆಗೆಯಲು ಶುರುಮಾಡಿದ. ಸೀರೆಯ ಮೇಲಿನದನ್ನು ತೆಗೆದ, ಕೂದಲಿನ ಮೇಲಿನದನ್ನು ತೆಗೆದ. ಹುಬ್ಬಿನ ನಡುವಿನ ಒಂದು ಗೀರು ತೆಗೆದ. ಗದ್ದದ ಮೇಲಿನ ಮೂರು ಚುಕ್ಕಿ ತೆಗೆದ. ನನ್ನನ್ನು ಕರೆದು ತೋರಿಸಿದ. "ನೋಡ, ಒಂದ ಕಲಿ ಇಲ್ಲ. ಇನ್ನ ಮೂವರೂ ತಮ್ಮ ತಮ್ಮ ಕೆಲಸ ಮಾಡ್ಲಿ."

ಮೂರು ದಿನ ಬೀಗತಿ, ಏಜೆಂಟ, ತಲಾಟಿ ಮೂವರೂ ಸಕ್ಕೂಬಾಯಿಯ ಮೇಲೆ ಕೆಲಸ ಮಾಡಿದರು. ಸಂಜೆ ಶಾಲೆ ಬಿಟ್ಟು ಬಂದ ಆಮ್ರಪಾಲಿ ಗೆರೆ ಎಳೆದ ವಹಿ ಹಿಡಿದು ಕೂರುತ್ತಿದ್ದಳು. ಅಪ್ಪ ಮಗಳ ವಾದ ಹಲಗೆ ದಾಟಿ ನನಗೆ ಕೇಳುತ್ತಿತ್ತು. ಕೂದಲಿನ ಎಳೆ ಏಜೆಂಟನದು ಚೆಂದ ಎಂದು ಇವನು, ಆ ಕೂದಲೇ ಸುಳ್ಳು ಎಂದು ಅವಳು. ಏಜೆಂಟನಂತೂ ಮೊದಲ ದಿನ ಸಾಬಣ್ಣ ಇಡೀ ಗುಂಪು ಫೋಟೋವನ್ನೇ ಕೊಟ್ಟಾಗ, ಹಿಂದಿನ ಕಿಟಕಿಯಲ್ಲಿದ್ದ ನೀರಿನ ಗಡಿಗೆಗೆ ಕಣ್ಣು ಮೂಗು ಬರೆದು ಇಪ್ಪತ್ತೊಂದನೆಯ ಹೆಂಗಸನ್ನು ನಿಲ್ಲಿಸಿದ್ದ. ಅವಳೂ ಅಕ್ಷರ ಕಲಿತವಳಂತೆ ನಗುತ್ತಿದ್ದಳು.

ಗುರುವಾರ ಅಕ್ಕ ತಮ್ಮ ಬಂದರು. ಸಾಬಣ್ಣ ಮೂರು ದೊಡ್ಡ ಪ್ರಿಂಟುಗಳನ್ನು ತೆಗೆದಿದ್ದ. ನಾನು ರಟ್ಟಿಗೆ ಅಂಟಿಸಿ ಕೊಟ್ಟಿದ್ದೆ. ಯಾವುದೆಂದು ಗೊತ್ತಾಗುವವರೆಗೆ ಗಾಜು ಹಾಕುವುದಿಲ್ಲ ಎಂದು ಹಟ ಹಿಡಿದಿದ್ದೆ, ಮೂರು ಗಾಜು ಸುಮ್ಮನೆ ಯಾಕೆ ಹಾಳು ಮಾಡಲಿ. ಮೂರನ್ನೂ ಗೋಡೆಗೆ ಆನಿಸಿಟ್ಟೆವು.

ದೇವಾನಂದ ಬೀಗತಿ ಮಾಡಿದ ಬೆಳ್ಳನೆಯ ಸಕ್ಕೂಬಾಯಿಗೆ ಕೈಮುಗಿದ. "ನಮ್ಮವ್ವ ಇಷ್ಟ ಚೆಂದ ಇದ್ಲೇನ!" ಎಂದ. ಅವನಿಗೆ ನೆನಪಿರಲು ಸಾಧ್ಯವೇ ಇಲ್ಲ, ಪಾಪ, ಯಾರನ್ನು ತೋರಿಸಿದ್ದರೂ ಕೈಮುಗಿಯುತ್ತಿದ್ದ. ಚಂದ್ರಾಬಾಯಿ ಮಾತ್ರ ಒಂದರಿಂದ ಒಂದಕ್ಕೆ ಸರಿದಳು. ಹಿಂದೆ ಹೋಗಿ ನೋಡಿದಳು, ಹತ್ತಿರ ಬಂದು ನೋಡಿದಳು. ಮತ್ತೆ ಮೊದಲನೆಯದಕ್ಕೆ ಬಂದಳು. ಅವಳ ಮುಖ ಬಾಡುತ್ತ ಹೋಯಿತು.

"ಮೂರೂ ಚೊಲೊ ಮನಿತನದ ಹೆಣ್ಮಕ್ಕಳು ಕಂಡಂಗ ಕಾಣ್ತಾರ್ರಿ" ಎಂದಳು ಕೊನೆಗೆ. "ಆದ್ರ ಯಾರಂತ ನನಗ ಗುರುತ ಹತ್ತವಲ್ಲದು."

ಸಾಬಣ್ಣ ತಲಾಟಿಯ ಪ್ರಿಂಟನ್ನು ಬೆಳಕಿಗೆ ಹಿಡಿದ. "ಇದು ಖರೇದ್ದು ತಂಗಿ. ಇದರಾಗ ಏನೂ ಕೂಡಿಸಿಲ್ಲ."

"ಇರಬೇಕ್ರಿ. ನನಗ ಮರತಿದ್ದಕ್ಕ ಹಿಂಗ ಆಗಿರಬೇಕು" ಎಂದು ಅವಳು ತಪ್ಪನ್ನು ತನ್ನ ತಲೆಗೇ ಕಟ್ಟಿಕೊಂಡಳು. ನನಗೆ ಬಹಳ ಕೆಟ್ಟದೆನಿಸಿತು. ಹೆತ್ತ ತಾಯಿಯ ಮುಂದೆ ನಿಂತು ಪರಿಚಯ ಕೇಳುವಂತಾದರೆ ಯಾರಿಗಾದರೂ ಸಂಕಟವೇ. ಜೈನಾಪುರದಲ್ಲಿ ಸಕ್ಕೂಬಾಯಿಯ ಅಕ್ಕ ಭೀಮಾಬಾಯಿ ಇದ್ದಾಳೆ, ಎಂಬತ್ತು ದಾಟಿದೆ, ಕಣ್ಣು ಬುದ್ಧಿ ಎರಡೂ ನೆಟ್ಟಗಿವೆ ಎಂದು ದೇವಾನಂದ ಹೇಳಿದ. ಅವಳು ಯಾವುದನ್ನು ಹೌದು ಎನ್ನುತ್ತಾಳೋ ಅದಕ್ಕೆ ಗಾಜು ಹಾಕುವುದೆಂದು ನಿಶ್ಚಯವಾಯಿತು.

ಶುಕ್ರವಾರ ಬೆಳಿಗ್ಗೆ ಸಾಬಣ್ಣನ ಸ್ಕೂಟರಿನ ಹಿಂದೆ ನಾನು, ನನ್ನ ತೊಡೆಯ ಮೇಲೆ ಮೂವರು ಸಕ್ಕೂಬಾಯಿಯರು. ಗಾಳಿಗೆ ರಟ್ಟು ಹಾರಬಾರದೆಂದು ಸಾಬಣ್ಣ ಅವನ್ನು ಹಗ್ಗದಿಂದ ನನಗೇ ಕಟ್ಟಿದ್ದ, ಎರಡು ಮುಖ ಎಡಕ್ಕೆ, ಒಂದು ಬಲಕ್ಕೆ. ದಾರಿಯುದ್ದಕ್ಕೂ ಜನ ಟೊಪ್ಪಿಗೆ ತೆಗೆದರು. ಬಬಲೇಶ್ವರದಲ್ಲಿ ಚಹಾಕ್ಕೆ ನಿಂತಾಗ ಒಬ್ಬ ಮುದುಕ ಹತ್ತಿರ ಬಂದು ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಾಗಿ ನೋಡಿ ಲೊಚಗುಟ್ಟಿದ.

"ಅಯ್ಯಯ್ಯ, ಮೂವರು ಅಕ್ಕತಂಗೇರೂ ಒಮ್ಮೆಲೇ ಹೋದ್ರೇನ್ರಿ?"

"ಇಲ್ಲ ಯಜಮಾನ್ರ, ಇವರು ಒಬ್ಬಾಕೀನ" ಎಂದೆ.

ಮುದುಕ ನನ್ನನ್ನು ಕನಿಕರದಿಂದ ನೋಡಿದ. "ದುಃಖದಾಗ ಹಂಗ ಆಗ್ತೈತಿ. ಸ್ವಲ್ಪ ಚಾ ಕುಡೀರಿ" ಎಂದು ನನ್ನ ಬೆನ್ನು ಸವರಿ ಹೋದ. ಸಾಬಣ್ಣ ಬಸಿಯಲ್ಲಿದ್ದ ಚಹಾ ಚೆಲ್ಲುವಷ್ಟು ನಕ್ಕ. ಅವನು ಆ ದಿನ ನಕ್ಕದ್ದು ಅಷ್ಟೇ.

ಜೈನಾಪುರದಲ್ಲಿ ಭೀಮಾಬಾಯಿ ಅಂಗಳದ ಬೇವಿನ ನೆರಳಲ್ಲಿ ಹೊರಸಿನ ಮೇಲೆ ಕೂತಿದ್ದಳು. ಚಂದ್ರಾಬಾಯಿ ಮೊದಲೇ ಬಸ್ಸಿನಲ್ಲಿ ಬಂದು ಅವಳ ಕಾಲ ಬಳಿ ಕೂತಿದ್ದಳು. ನಾನು ಬೀಗತಿಯ ಫೋಟೋ ಮುಂದೆ ಹಿಡಿದೆ.

"ಇಕಿ ಯಾರ? ಸೀರಿ ಅಂಗಡ್ಯಾಗಿನ ಗೊಂಬಿ ಏನ?" ಎಂದಳು ಮುದುಕಿ.

ಏಜೆಂಟನದನ್ನು ಹಿಡಿದೆ. "ಈ ಹಲ್ಲಿನಾಕಿನ್ನ ಅತ್ತಾಗ ಇಡ ಯಪ್ಪಾ. ನನ್ನ ನಾದಿನಿ ಕಂಡಂಗ ಕಾಣ್ತಾಳ, ಬೆಳಿಗ್ಗೆ ಬೆಳಿಗ್ಗೆ ಬ್ಯಾಡ. ನಮ್ಮ ಸಕ್ಕೂ ನಕ್ಕರ ಬಾಯಿಗಿ ಸೆರಗ ಹಿಡೀತಿದ್ಲು, ಆಕಿ ಹಲ್ಲ ಆಕಿ ಗಂಡನೂ ಕಂಡಿದ್ದಿಲ್ಲ."

ತಲಾಟಿಯದನ್ನು ಹಿಡಿದೆ. ರಟ್ಟನ್ನು ತಾನೇ ಇಸಿದುಕೊಂಡು ಮಡಿಲಲ್ಲಿ ಇಟ್ಟುಕೊಂಡಳು.

"ಮೂಗ ನಮ್ಮ ಮನಿತನದ್ದ. ಕಣ್ಣೂ ಹೌದ" ಎಂದಳು. ಮತ್ತೆ ತಲೆ ಎತ್ತಿ, "ಹಚ್ಚಿ ಎಲ್ಲಿ?" ಎಂದು ಕೇಳಿದಳು.

"ಯಾವ ಹಚ್ಚಿ, ಆಯಿ?" ಎಂದ ಸಾಬಣ್ಣ.

"ಯಾವ ಹಚ್ಚಿ ಅಂತಾನ ನೋಡ ಇವಾ!" ಮುದುಕಿ ತಲೆಯ ಮೇಲಿನ ಸೆರಗು ಹಿಂದೆ ಸರಿಸಿ ಮುಖವನ್ನು ಬಿಸಿಲಿಗೆ ಒಡ್ಡಿದಳು. ಹುಬ್ಬಿನ ನಡುವೆ ಹಸಿರುಗಪ್ಪಿನ ಒಂದು ಗೀರು. ಗದ್ದದ ಮೇಲೆ ಮೂರು ಚುಕ್ಕಿ. "ಇಬ್ಬರಿಗೂ ಒಂದ ದಿನ, ಒಂದ ಸೂಜೀಲೆ ಚುಚ್ಚಿದ್ಲು ಹಚ್ಚಿ ಹಾಕಾಕಿ. ನಾ ಊರಿಗೆಲ್ಲಾ ಕೇಳೂವಂಗ ಅತ್ತೆ. ಸಕ್ಕೂ ತುಟಿ ಪಿಟಕ್ ಅನಲಿಲ್ಲ. ಆಕಿದು ಎಲ್ಲಿ ಹೋತು?"

ನನಗೆ ಸೋಮವಾರದ ಮಧ್ಯಾಹ್ನ ನೆನಪಾಯಿತು. ಸಾಬಣ್ಣನಿಗೂ ಆಯಿತು.

ಚಂದ್ರಾಬಾಯಿಯೇ ಅವನಿಗೆ ದಾರಿ ಬಿಟ್ಟುಕೊಟ್ಟಳು. "ಕಂಪ್ಯೂಟರಿಗಿ ಹಚ್ಚಿ ಅಂದ್ರ ಏನ ತಿಳೀಬೇಕು ಬಿಡ ದೊಡ್ಡವ್ವ. ಅಣ್ಣಾರ ಆದ್ರೂ ಏನ ಮಾಡ್ತಾರ" ಎಂದಳು. ಒಂದು ಹ್ಞೂಂ ಅಂದಿದ್ದರೆ ಮುಗಿಯುತ್ತಿತ್ತು. ಬೀಗತಿ ಏಜೆಂಟರು ಬಂದು ಸಾಕ್ಷಿ ಹೇಳುತ್ತಿರಲಿಲ್ಲ. ನಾನಂತೂ ಹೇಳುತ್ತಿರಲಿಲ್ಲ, ಜಗಳವೇನಿದ್ದರೂ ಪೇಟೆಯೊಳಗೆ.

"ಕಂಪ್ಯೂಟರ್ ಅಲ್ಲ ತಂಗಿ" ಎಂದ ಸಾಬಣ್ಣ. "ಅವಕ್ಕ ಕೊಡೂ ಮೊದಲ ನಾನ ಒರಸೇನಿ. ಬೂಸ ಅಂತ ತಿಳದ, ಈ ಕೈಲೆ ಒರಸೇನಿ. ಅವು ಮೂರಕ್ಕೂ ನಿಮ್ಮವ್ವನ ಮಾರಿ ಸಿಗಲೇ ಇಲ್ಲ."

ಭೀಮಾಬಾಯಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಹೋಗೂ ಮುಂದ ಬಂಗಾರ ಬರೂದಿಲ್ಲ, ಸೀರಿ ಬರೂದಿಲ್ಲ, ಗಂಡ ಮಕ್ಕಳು ಬರೂದಿಲ್ಲ. ಜೋಡಿ ಬರೂದು ಹಚ್ಚಿ ಒಂದ ಅಂತ ಹಿರೇರು ಅಂತಿದ್ರು. ನೀ ಅದನ್ನೂ ಕಸಕೊಂಡ್ಯಲ್ಲೋ ಯಪ್ಪಾ!"

ಸಾಬಣ್ಣ ಚೀಲಕ್ಕೆ ಕೈಹಾಕಿ ತಗಡಿನ ಡಬ್ಬಿ ಹೊರಗೆ ತೆಗೆದ. ಮುಚ್ಚಳ ತುಕ್ಕು ಹಿಡಿದು ಬಿಗಿದಿತ್ತು. ನನ್ನ ಸ್ಕ್ರೂಡ್ರೈವರಿನಿಂದ ಮೀಟಿ ತೆಗೆದೆವು. ಬಣ್ಣದ ಬಿಲ್ಲೆ ಬಿರುಕು ಬಿಟ್ಟಿತ್ತು, ಕುಂಚ ಒಣಗಿ ಕಡ್ಡಿಯಾಗಿತ್ತು. ಚಂದ್ರಾಬಾಯಿ ಒಂದು ಬಟ್ಟಲಲ್ಲಿ ಬೆಚ್ಚನೆಯ ನೀರು ತಂದಿಟ್ಟಳು. ಅವನು ಕುಂಚ ನೆನೆಸಿ, ತುಟಿಯಲ್ಲಿ ಮೊನೆ ಮಾಡಿಕೊಂಡು, ತಲಾಟಿಯ ಪ್ರಿಂಟನ್ನು ಮಡಿಲಲ್ಲಿ ಇಟ್ಟುಕೊಂಡು ನೆಲದ ಮೇಲೆ ಕೂತ. ಚೀಲದಲ್ಲಿ ತಂದಿದ್ದ ಹಳೇ ಗುಂಪು ಫೋಟೋವನ್ನು ಭೂತಗನ್ನಡಿಯಲ್ಲಿ ನೋಡಿದ. ಗೀರು ಅಲ್ಲೇ ಇತ್ತು, ಮೂರು ಚುಕ್ಕಿಯೂ ಅಲ್ಲೇ ಇದ್ದವು. ಬೂಸಿನ ಕಲೆಗಳು ಅಡ್ಡಾದಿಡ್ಡಿ, ಇವು ಮಾತ್ರ ಅಳೆದಿಟ್ಟಂತೆ. ಅಷ್ಟು ವರ್ಷ ಮುಖ ನೋಡಿದ ಕಣ್ಣಿಗೆ ಅದು ಕಾಣದೇ ಹೋಗಿತ್ತಲ್ಲ ಎಂದು ನನಗೆ ಸಿಟ್ಟೂ ಬಂತು, ಮರುಕವೂ ಬಂತು.

"ಗದ್ದ ಸ್ವಲ್ಪ ಮ್ಯಾಲ ಮಾಡ ಆಯಿ. ಅಳ್ಳಾಡಬ್ಯಾಡ."

"ಹಚ್ಚಿ ಹಾಕಾಕೀನೂ ಹಿಂಗ ಅಂದಿದ್ಲು" ಎಂದು ಮುದುಕಿ ಗದ್ದ ಎತ್ತಿದಳು. ಮೂರು ಚುಕ್ಕಿಗಳ ನಡುವೆ ಎಷ್ಟು ಅಂತರವೆಂದು ಅವಳ ಗದ್ದ ನೋಡಿ ನೋಡಿ ಅಳೆದ. ಹುಬ್ಬಿನ ನಡುವೆ ಗೀರು ಎಳೆದ. ಗದ್ದದ ಮೇಲೆ ಒಂದು ಚುಕ್ಕಿ ಇಟ್ಟ. ಎರಡನೆಯದು ಇಟ್ಟ.

ಮೂರನೆಯದು ಇಟ್ಟು ಕುಂಚ ತೆಗೆದದ್ದೇ ತಡ, ಅವನ ಹಿಂದೆ ನಿಂತು ನೋಡುತ್ತಿದ್ದ ಚಂದ್ರಾಬಾಯಿ ಧೊಪ್ಪನೆ ನೆಲಕ್ಕೆ ಕೂತಳು. "ಯವ್ವಾ" ಎಂದಳು. ಯಾರಾದರೂ ತಡೆಯುವ ಮೊದಲೇ ಕೈ ಚಾಚಿ, ಬೆರಳಿನಿಂದ ಆ ಗದ್ದವನ್ನು ಒರೆಸಿಬಿಟ್ಟಳು. ಹಸಿ ಬಣ್ಣ. ಮೂರನೆಯ ಚುಕ್ಕಿ ಬಾಲ ಬಂದಂತೆ ಪಕ್ಕಕ್ಕೆ ಎಳೆಯಿತು.

"ಹೊಲಸ ಹತ್ತೇತಿ ಅಂತ ಒರಸ್ತಿದ್ದೆ ದೊಡ್ಡವ್ವ" ಎಂದಳು. ನಗುತ್ತಿದ್ದಳೋ ಅಳುತ್ತಿದ್ದಳೋ ಹೇಳಲಾರೆ, ಎರಡೂ ಒಟ್ಟಿಗೆ ಬಂದಿದ್ದವು. "ಆಕಿ ತೊಡಿ ಮ್ಯಾಲ ಮಲಗಿ ಉಗುಳ ಹಚ್ಚಿ ಹಚ್ಚಿ ತಿಕ್ಕತಿದ್ದೆ. ಆಕಿ ನಗತಿದ್ಲು. ಅದು ಹೋಗೂದಲ್ಲ ಬೇ, ಹೋಗೂದಲ್ಲ ಅಂತಿದ್ಲು. ಮಾರಿ ಬಂತ್ರಿ ಅಣ್ಣಾರ. ಪೂರಾ ಬಂತು."

ಸಾಬಣ್ಣ ಮೂಗು ಸೀಟಿಕೊಂಡು, ಚುಕ್ಕಿ ತಿದ್ದಲು ಮತ್ತೆ ಕುಂಚ ಎತ್ತಿದ. ಎಳೆದುಹೋದದ್ದು ಕಲೆಯಾಗಿ ಕಾಣುತ್ತಿತ್ತು, ಅವನ ಸ್ವಭಾವಕ್ಕೆ ಅದನ್ನು ಬಿಡಲು ಹೇಗಾದೀತು. ಚಂದ್ರಾಬಾಯಿ ಕುಂಚ ಹಿಡಿದ ಕೈಯನ್ನೇ ಹಿಡಿದಳು.

"ಅದು ಹಂಗ ಇರ್ಲಿ."

ಅವನು ನನ್ನ ಮುಖ ನೋಡಿದ. ಇರಲಿ ಬಿಡೋ ಎಂದು ತಲೆಯಾಡಿಸಿದೆ. ಸಾಬಣ್ಣ ಜೀವಮಾನದಲ್ಲಿ ಮೊದಲ ಸಲ ಫೋಟೋದ ಮೇಲೆ ಕಲೆಯನ್ನು ಕಲೆಯಾಗಿಯೇ ಬಿಟ್ಟ.

ಶನಿವಾರ ತಿಕೋಟಾದ ಸಿದ್ದರಾಯನೆಂಬವನು ಅಪ್ಪನ ಫೋಟೋ ತಂದ. ಅವನನ್ನು ಕೂಡಿಸಿ ಸಾಬಣ್ಣ ಅರ್ಧ ತಾಸು ವಿಚಾರಣೆ ಮಾಡಿದ. ಹಣೆಯ ಮೇಲಿರುವುದು ಗಾಯವೋ ಬೂಸೋ? ಕಿವಿ ಹುಟ್ಟಿನಿಂದ ಹೀಗೋ, ಆಮೇಲೆ ಎತ್ತು ಹಾಯ್ದದ್ದೋ? ಮೀಸೆ ಒಂದು ಕಡೆ ಏಕೆ ಸಣ್ಣ? ಸಿದ್ದರಾಯ ಬೆವರಿ, "ಕೋಟ ಹಾಕಿ ಕೊಡಪಾ ಸಾಕು" ಎಂದ. "ನಿಮ್ಮಪ್ಪ ಕೋಟ ಹಾಕಿದ್ನೇನ?" ಎಂದು ಸಾಬಣ್ಣ ಗದರಿದ. ಸಿದ್ದರಾಯನ ಅಪ್ಪ ಧೋತರದಲ್ಲೇ ಕಟ್ಟು ಹಾಕಿಸಿಕೊಳ್ಳಲು ನನ್ನ ಬಳಿ ಬಂದ. ಬಾಗಿಲ ಮೇಲಿನ ಕ್ರಾಪಿನ ಫೋಟೋ ಮಾತ್ರ ಇನ್ನೂ ಇದೆ. ಅದನ್ನು ಕೇಳಿದರೆ, ಅಷ್ಟೆಲ್ಲ ಒಮ್ಮೆಲೇ ಸುಧಾರಿಸಲಾಗದು ಎನ್ನುತ್ತಾನೆ.

ರವಿವಾರ ಕಾಖಂಡಕಿಯ ಮದುವೆಗೆ ನಾವಿಬ್ಬರೂ ಹೋದೆವು. ಮುಂದಿನ ಸಾಲಿನ ಮೊದಲ ಕುರ್ಚಿಯ ಮೇಲೆ ಸಕ್ಕೂಬಾಯಿ ಕೂತಿದ್ದಳು, ತುಸು ಮಬ್ಬಾಗಿ, ಹುಬ್ಬಿನ ನಡುವೆ ಗೀರು, ಗದ್ದದ ಮೇಲೆ ಮೂರು ಚುಕ್ಕಿ. ಪಕ್ಕದ ಕುರ್ಚಿಯಲ್ಲಿ ಭೀಮಾಬಾಯಿ ಅವಳದೇ ಮುಖ ಹೊತ್ತು ಕೂತಿದ್ದಳು. ಗಾಜಿಗೆ ನಾನು ನನ್ನ ಅಂಗಡಿಯ ಒಳ್ಳೆಯ ಕಟ್ಟನ್ನೇ ಹಾಕಿದ್ದೆ.

ಮದುಮಗಳು ಕಾವ್ಯಾ ಅಜ್ಜಿಗೆ ನಮಸ್ಕಾರ ಮಾಡಲು ಬಂದಳು. ಬಾಗಿದವಳು ಹಾಗೇ ನಿಂತು ಗಾಜಿನ ಮೇಲೆ ಏನನ್ನೋ ನೋಡಿದಳು. ಹೊಸ ಸೀರೆಯ ಸೆರಗನ್ನು ಬೆರಳಿಗೆ ಸುತ್ತಿ, ಬಾಯುಸಿರು ಊದಿ, ಅಜ್ಜಿಯ ಗದ್ದದ ಹತ್ತಿರ ತಿಕ್ಕತೊಡಗಿದಳು. ಹೇಳಲು ನಾನು ಬಾಯಿ ತೆರೆದೆ. ಸಾಬಣ್ಣ ನನ್ನ ಕಾಲು ತುಳಿದ.

"ಯವ್ವಾ, ಇಲ್ಲಿ ಏನೋ ಹೊಲಸ ಹತ್ತೇತಿ ನೋಡ" ಎಂದಳು ಕಾವ್ಯಾ.

ಅಕ್ಕಿಯ ತಟ್ಟೆ ಹಿಡಿದು ಬರುತ್ತಿದ್ದ ಚಂದ್ರಾಬಾಯಿ ನಿಂತಳು. ಮಗಳನ್ನು ನೋಡಿದಳು, ಕುರ್ಚಿಯ ಮೇಲಿನ ತಾಯಿಯನ್ನು ನೋಡಿದಳು. ಬಾಯಿಗೆ ಸೆರಗು ಹಿಡಿದು ನಕ್ಕಳು.

"ಅದು ಹೋಗೂದಲ್ಲ ಬೇ" ಎಂದಳು.